ದೀಪಕ್ಕೆ ಕುಂತವಳು

ಔಡಲ ಎಣ್ಣೆ ಕಾಯ್ದ ವಾಸನೆ ಎಲ್ಲರಿಗೂ ಸೇರುವಂಥದ್ದಲ್ಲ. ನಿಮ್ಮ ಕಡೆ ಹರಳೆಣ್ಣೆ ಅನ್ನುತ್ತಾರಲ್ಲ, ಅದೇ. ಮೂಗಿಗೆ ದಪ್ಪಗೆ ಅಂಟಿಕೊಂಡು ಗಂಟಲ ಹಿಂದೆ ಹೋಗಿ ಕೂರುತ್ತದೆ, ಒಂದು ಹೊತ್ತಿನ ಊಟದ ರುಚಿಯನ್ನೂ ಕೆಡಿಸುತ್ತದೆ. ಹೋದ ತಿಂಗಳು ಪುಣೆಯ ಹೊರಗೆ ನಾವು ಕೆಲಸ ಮಾಡುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ, ಬಿಹಾರದಿಂದ ಹೊಸದಾಗಿ ಬಂದ ಒಬ್ಬ ಕೂಲಿಯವನು ಸಿಮೆಂಟಿಗೆ ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳಲು ಸ್ಟವ್ವಿನ ಮೇಲೆ ಆ ಎಣ್ಣೆ ಇಟ್ಟಿದ್ದ. ಸಂಜೆಯ ಚಹಾ ಕೈಯಲ್ಲಿ ಹಿಡಿದು ಕೂತಿದ್ದೆ ನಾನು. ವಾಸನೆ ಬಂದದ್ದೇ ತಡ, ಎದ್ದು ನಿಂತೆ. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಆದರೂ ರಸ್ತೆಯ ತನಕ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. ನನ್ನ ಅಂಗಾಲಿಗೆ ಆ ವಾಸನೆಯ ಅರ್ಥ ಒಂದೇ: ಮನೆಯಿಂದ ಯಾರೋ ಹೊರಡುತ್ತಿದ್ದಾರೆ.

ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆಯವರು ಎಲ್ಲಿ ಸಿಕ್ಕರೂ ಜನ ಒಂದೇ ಮಾತು ಹೇಳುತ್ತಾರೆ: ಪಾಪ, ಹೊಟ್ಟೆಪಾಡಿಗೆ ಊರು ಬಿಟ್ಟು ಬಂದಿದ್ದಾರೆ. ಹಾಗೆ ಬಂದವರು ಬಹಳ ಮಂದಿ ಇದ್ದಾರೆ, ಸುಳ್ಳಲ್ಲ. ಆದರೆ ನನ್ನನ್ನು ಆ ಸಾಲಿನಲ್ಲಿ ನಿಲ್ಲಿಸಬೇಡಿ. ನಾನು ಗೌಂಡಿ, ಗಾರೆ ಕೆಲಸದವನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಫರಸಿಕಲ್ಲು ಹಾಸುವುದರಲ್ಲಿ ಸೊಲ್ಲಾಪುರದಿಂದ ಗೋವಾದ ತನಕ ನನ್ನ ಕೈ ಗೊತ್ತಿರುವವರಿದ್ದಾರೆ. ನಾನು ಹಾಸಿದ ನೆಲದ ಮೇಲೆ ನೀರು ಚೆಲ್ಲಿದರೆ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತದೆ. ಮುದನಾಳದ ನಮ್ಮ ಮನೆಯಲ್ಲಿ ಜೋಳ ಇತ್ತು, ತೊಗರಿ ಇತ್ತು, ಜೋಡಿ ಎತ್ತುಗಳಿದ್ದವು. ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ. ಕಾಲು ನಿಲ್ಲಲಿಲ್ಲ, ಅಷ್ಟೇ. ಉಣ್ಣಲು ತಿನ್ನಲು ಇದ್ದ ಮನೆಯಲ್ಲಿ ಕಾಲು ಯಾಕೆ ನಿಲ್ಲುವುದಿಲ್ಲ ಅಂತ ಯಾರಾದರೂ ಕೇಳಿದರೆ ನನಗೆ ನೆಟ್ಟಗೆ ಹೇಳಲು ಬರುವುದಿಲ್ಲ. ನಮ್ಮ ಅತ್ತಿಯ ಸಂಗತಿ ಹೇಳಬಲ್ಲೆ. ಅದರಲ್ಲಿ ಉತ್ತರ ಇದ್ದರೂ ಇದ್ದೀತು.

ಅತ್ತಿ ಅಂದರೆ ಅಪ್ಪನ ಅಕ್ಕ, ನೀಲಮ್ಮ. ಸುರಪುರದ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದರಂತೆ. ಗಂಡ ಬೇಗನೆ ತೀರಿಕೊಂಡ ಮೇಲೆ ಮುತ್ಯಾ, ಅಂದರೆ ನನ್ನ ಅಜ್ಜ, ಬಂಡಿ ಹೂಡಿಕೊಂಡು ಹೋಗಿ ಮಗಳನ್ನು ಕರೆತಂದ. ಆ ಬಂಡಿಯಲ್ಲಿ ಬಂದದ್ದೇ ಆಕೆಯ ಕೊನೆಯ ಪ್ರಯಾಣ ಅಂತ ಮನೆಯವರೆಲ್ಲ ತಿಳಿದಿದ್ದರು. ನನಗೆ ಬುದ್ಧಿ ಬಂದಾಗಿನಿಂದ ಕಂಡದ್ದು, ಆ ಮನೆ ಅತ್ತಿಯ ಕೈಯ ಮೇಲೆ ನಿಂತಿದ್ದದ್ದು. ಮಣ್ಣಿನ ಮಾಳಿಗೆಯ ಮನೆ. ಒಳಗೆ ಕಾಲಿಟ್ಟರೆ ಮೊದಲು ದನದ ಬೆಚ್ಚನೆಯ ಉಸಿರು, ಆಮೇಲೆ ತೊಗರಿ ಹೊಟ್ಟಿನ ಒಣ ಘಮ, ಇನ್ನೂ ಒಳಗೆ ಹೋದರೆ ಹಂಚಿನ ಮೇಲೆ ಸುಡುವ ರೊಟ್ಟಿ. ಅತ್ತಿ ರೊಟ್ಟಿ ಬಡಿಯುವ ಸದ್ದಿಗೆ ನಾವು ಏಳುತ್ತಿದ್ದೆವು. ಹಗಲು ಹೊಲದಲ್ಲಿ ಗಂಡಸರ ಸಮ ಕೆಲಸ. ಹಬ್ಬ ಹುಣ್ಣಿಮೆ ಬಂದರೆ ಹಾಸಿಗೆ ಹೊದಿಕೆ ಎಲ್ಲ ಹೇರಿಕೊಂಡು ಭೀಮಾ ನದಿಗೆ ಒಗೆಯಲು ಹೋಗುತ್ತಿದ್ದಳು, ನಾನೂ ಹಿಂದೆ ಹೋಗುತ್ತಿದ್ದೆ. ಒಗೆದು ಮುಗಿದರೂ ಅತ್ತಿ ಏಳುತ್ತಿರಲಿಲ್ಲ. ಕೌದಿಗಳು ಬಂಡೆಯ ಮೇಲೆ ಒಣಗುವ ತನಕ ಮೊಣಕಾಲ ಮೇಲೆ ಗದ್ದವಿಟ್ಟು, ನೀರು ಹೋಗುವ ದಿಕ್ಕನ್ನೇ ನೋಡುತ್ತಿದ್ದಳು. ಬರುವ ದಿಕ್ಕನ್ನು ನೋಡಿದ್ದು ನನಗೆ ನೆನಪಿಲ್ಲ.

ಯುಗಾದಿಗೆ ಮುಂಚೆ ನಮ್ಮ ಕಡೆಯವರು ಶ್ರೀಶೈಲಕ್ಕೆ ನಡೆದು ಹೋಗುವುದು ನಿಮಗೆ ಗೊತ್ತಿರಬಹುದು. ಬಿಸಿಲು ಏರುವ ದಿನಗಳಲ್ಲಿ, ಬರಿಗಾಲಲ್ಲಿ, ರಾಮಸಮುದ್ರ ದಾಟಿ, ಕೃಷ್ಣೆ ದಾಟಿ, ರಾಯಚೂರಿನ ಮೇಲೆ ಹಾದು, ಕೊನೆಗೆ ಆಂಧ್ರದ ಅಡವಿ ಹೊಕ್ಕು ಮಲ್ಲಯ್ಯನ ಗುಡ್ಡ ಹತ್ತುತ್ತಾರೆ. ನಮ್ಮ ಮನೆಯಿಂದ ವರ್ಷಕ್ಕೆ ಒಬ್ಬರು ಹೋಗುತ್ತಿದ್ದರು. ಹೋಗುವವರು ಎಷ್ಟು ಮುಖ್ಯವೋ ಮನೆಯಲ್ಲಿ ಕೂಡುವವರೂ ಅಷ್ಟೇ ಮುಖ್ಯ. ಹೊರಡುವವರ ಅಂಗಾಲಿಗೆ ಕಾಯ್ದ ಔಡಲ ಎಣ್ಣೆ ತಿಕ್ಕಿ, ಹೊರಟ ಗಳಿಗೆಗೆ ದೇವರ ಜಗಲಿಯ ಮೇಲೆ ಕುಸುಬಿ ಎಣ್ಣೆಯ ದೀಪ ಹಚ್ಚಬೇಕು, ಹೋದವರು ತಿರುಗಿ ಹೊಸ್ತಿಲು ತುಳಿಯುವ ತನಕ ಅದು ಆರಬಾರದು. ದೀಪಕ್ಕೆ ಕುಂತವರು ಒಪ್ಪೊತ್ತು ಊಟ ಮಾಡಬೇಕು, ನೆಲದ ಮೇಲೆ ಮಲಗಬೇಕು, ಊರ ಸೀಮೆ ದಾಟಬಾರದು. ಹೋದವರು ಬಂದಾಗ ಅವರ ಕಾಲು ತೊಳೆದು, ಔಡಲ ಎಣ್ಣೆ ತಿಕ್ಕಿ ಒಳಗೆ ಕರೆದುಕೊಳ್ಳುವವರೂ ಅವರೇ. ಪ್ರತಿ ವರ್ಷ ನಮ್ಮ ಮನೆಯ ದೀಪಕ್ಕೆ ಕೂಡುತ್ತಿದ್ದವಳು ಅತ್ತಿ. ಮುತ್ಯಾ ಬಂದವರೆದುರು ಹೆಮ್ಮೆಯಿಂದ ಹೇಳುತ್ತಿದ್ದ, ನಮ್ಮ ನೀಲಾನ ಕೈ ಸುದ್ದ, ಆಕಿ ಕುಂತರೆ ಗುಡ್ಡ ತಾನಾಗಿಯೇ ಇಳಿದು ಬರುತ್ತದೆ ಅಂತ. ಆ ಹೊಗಳಿಕೆ ಎಂಥ ಹಗ್ಗ ಅನ್ನುವುದು ನನಗೆ ದೊಡ್ಡವನಾದ ಮೇಲೆ ತಿಳಿಯಿತು. ಒಂದು ವರ್ಷ ಆಕೆ ಕೇಳಿಯೇಬಿಟ್ಟಳಂತೆ, ಈ ಸಲ ನಾ ಹೋಗಲೇನು ಎಂದು. ಮುತ್ಯಾ ಬೈಯಲಿಲ್ಲ. ನಕ್ಕ. ನೀನು ಹೋದರೆ ನಾವು ಬರುವುದು ಯಾರ ಹತ್ತಿರ ಮಗಳೇ, ಎಂದ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಹೀಗಾಗಿ ಅತ್ತಿ, ಹೋಗಿ ಬಂದವರ ಬಾಯಿಂದಲೇ ಗುಡ್ಡಕ್ಕೆ ಹೋಗುತ್ತಿದ್ದಳು. ಕಾಲು ತೊಳೆಯುತ್ತ ಕೇಳುತ್ತಿದ್ದಳು. ದರ್ಶನ ಹೇಗಾಯಿತು, ಪ್ರಸಾದ ಏನು ಕೊಟ್ಟರು, ಅದಾವುದೂ ಬೇಕಿರಲಿಲ್ಲ. ಕೃಷ್ಣೆ ದಾಟಿದ ಮೇಲೆ ಮಣ್ಣಿನ ಬಣ್ಣ ಬೇರೆ ಆಗುತ್ತದೋ? ಅಲ್ಲಿಯ ಹೆಂಗಸರು ಸೀರೆ ಹೇಗೆ ಉಡುತ್ತಾರೆ? ಅಡವಿಯಲ್ಲಿ ಹಕ್ಕಿ ನಮ್ಮ ಕಡೆಯವುಗಳ ಹಾಗೆಯೇ ಕೂಗುತ್ತವೋ? ಅಪ್ಪ ಮಾತು ಕಡಿಮೆಯವನು, ಹ್ಞಾಂ, ಹೂಂ ಎಂದು ಮುಗಿಸುತ್ತಿದ್ದ. ಮುತ್ಯಾ ಹರಡಿಕೊಂಡು ಹೇಳುತ್ತಿದ್ದ. ಅತ್ತಿಯ ಕೈ ಅಂಗಾಲ ಮೇಲೆ ನಿಂತುಬಿಡುತ್ತಿತ್ತು, ನೀರು ತಣ್ಣಗಾಗುತ್ತಿತ್ತು. ಹಿಂದೆ ನಿಂತು ಕೇಳುತ್ತಿದ್ದ ನನ್ನ ಕಾಲೂ ಆಗಲೇ ಕೆಟ್ಟವು ಅಂತ ತೋರುತ್ತದೆ. ಶಾಲೆಯಲ್ಲಿ ಮಾಸ್ತರರು ನಕಾಶೆ ತೂಗುಹಾಕಿದರೆ ಎಲ್ಲರೂ ಯಾದಗಿರಿ ಎಲ್ಲಿದೆ ಎಂದು ಹುಡುಕುತ್ತಿದ್ದರು. ನಾನು ಅಂಚಿನ ಊರುಗಳ ಹೆಸರು ಓದುತ್ತಿದ್ದೆ.

ಆ ವರ್ಷ ಹೋಗಿದ್ದು ಕಾಕಾ, ಅಪ್ಪನ ತಮ್ಮ. ಮನೆಯಲ್ಲಿ ಎಲ್ಲರಿಗಿಂತ ಚಂದದವನು, ಸೋಕಿಯವನು; ಶಹಾಪುರದ ಹತ್ತಿ ಬಜಾರಕ್ಕೆ ಹೋಗುವಾಗಲೂ ಇಸ್ತ್ರಿ ಅಂಗಿ. ಯುಗಾದಿ ಮುಗಿಸಿ ತಂಡದ ಜೊತೆ ಬಂದಾಗ ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಕುಂಟು ನಡಿಗೆ. ಓಣಿಯ ಮಂದಿ ಬಂದು ಕಾಲು ಮುಟ್ಟಿ ಹೋದರು. ಅತ್ತಿ ಅಂಗಳದಲ್ಲಿ ಹಲಗೆ ಹಾಕಿ ಕೂರಿಸಿದಳು, ನಾನು ತಂಬಿಗೆಯಿಂದ ನೀರು ಹನಿಸುತ್ತಿದ್ದೆ. ಆಕೆ ಎಂದಿನಂತೆ ಕೇಳಲು ಸುರುಮಾಡಿದಳು. ಅಡವಿಯ ದಾರಿಯ ಭೀಮನಕೊಳ್ಳ ಇಳಿಯುವುದು ಕಷ್ಟವೋ ಹತ್ತುವುದೋ ಎಂದರೆ ಕಾಕಾ, ಎರಡೂ ಬರೋಬ್ಬರಿ ಅದಾವ ಅಕ್ಕಾ, ಎಂದ. ಆ ಮಾತಿಗೆ ಅತ್ತಿ ಆತನ ಕಾಲನ್ನು ತಿರುಗಿಸಿ ನೋಡಿದಳು. ಬರಿಗಾಲಲ್ಲಿ ಅಷ್ಟು ದೂರ ನಡೆದವರ ಅಂಗಾಲು ಆಕೆಗೆ ಪಾಠವಾಗಿದ್ದವು: ಗುಳ್ಳೆ ಎದ್ದು, ಒಡೆದು, ಮತ್ತೆ ಗಟ್ಟಿಯಾಗಿ, ಹಲಗೆಯ ಹಾಗೆ ಆಗಿರುತ್ತವೆ. ಕಾಕಾನ ಅಂಗಾಲು ಮೆತ್ತಗಿದ್ದವು. ಮೇಲೆ ಚಪ್ಪಲಿಯ ಪಟ್ಟಿ ಮುಚ್ಚಿದ್ದ ಜಾಗ ಬೆಳ್ಳಗೆ, ಸುತ್ತ ಬಿಸಿಲಿಗೆ ಕಂದು. ಅತ್ತಿ ತಲೆ ಎತ್ತದೆ, ಎಣ್ಣೆ ತಿಕ್ಕುತ್ತಲೇ, ನಮ್ಮಿಬ್ಬರಿಗೆ ಮಾತ್ರ ಕೇಳುವಂತೆ ಹೇಳಿದಳು:

“ತಮ್ಮಾ, ಇವು ಬಸ್ಸಿನ ಕಾಲು.”

ಕಾಕಾ ಕಾಲು ಎಳೆದುಕೊಳ್ಳಲು ನೋಡಿದ. ಆಕೆ ಬಿಡಲಿಲ್ಲ. ರಾಯಚೂರಿನಲ್ಲಿ ತಂಡದಿಂದ ಹಿಂದೆ ಉಳಿದು, ಬಸ್ಸು ಹತ್ತಿ, ಗುಡ್ಡದ ಮೇಲೆ ಎಲ್ಲರಿಗಿಂತ ಮೊದಲು ಹೋಗಿ ಕೂತಿದ್ದನಂತೆ. ದಾರಿಯ ಮಾತು ದಾರಿಯಲ್ಲೇ ಇರಲಿ ಎಂದು ತಂಡದವರು ಬಾಯಿ ಬಿಟ್ಟಿರಲಿಲ್ಲ. ಮುತ್ಯಾನಿಗೆ ಗೊತ್ತಾದರೆ ಏನಾಗುತ್ತಿತ್ತೋ ದೇವರೇ ಬಲ್ಲ. ಕಾಕಾ ಸಣ್ಣ ದನಿಯಲ್ಲಿ, “ಅಪ್ಪಗ ಹೇಳಬ್ಯಾಡ ಅಕ್ಕಾ, ನಿನ್ನ ಕಾಲಿಗಿ ಬೀಳ್ತೀನಿ” ಎಂದ. ಅತ್ತಿ ಎಣ್ಣೆಯ ಕೈ ಒರೆಸಿಕೊಂಡಳು. “ನನ್ನ ಕಾಲಿಗಿ ಬೀಳಬ್ಯಾಡ. ಮುಂದಿನ ವರ್ಸ ತೊಳಿ. ನಾ ಹೋಗ್ತೀನಿ, ನೀ ದೀಪಕ್ಕ ಕುಂದುರು.”

ಮರುವರ್ಷ ಮಾತು ಬಂದಾಗ ಮುತ್ಯಾ ಹಳೆಯ ನಗೆ ನಕ್ಕು ಹಳೆಯ ಪ್ರಶ್ನೆ ಕೇಳಿದ, ದೀಪಕ್ಕೆ ಯಾರು? ಮೂಲೆಯಿಂದ ಕಾಕಾ, ನಾ ಕುಂದುರ್ತೀನಿ ಎಂದ. ಕೈಯಲ್ಲಿದ್ದ ತಂಬಾಕು ತಿಕ್ಕುವುದನ್ನು ಬಿಟ್ಟು ಮುತ್ಯಾ ಮಗನನ್ನು ಬಹಳ ಹೊತ್ತು ನೋಡಿದ. ಕಾಕಾನಿಗೆ ಭಕ್ತಿ ಹುಟ್ಟಿದೆ ಎಂದು ಅವ್ವ ಕಣ್ಣೊರೆಸಿಕೊಂಡಳು. ಅತ್ತಿ ಮಾತ್ರ ಏನೂ ಆಗಿಲ್ಲವೆಂಬಂತೆ ಒಳಗೆ ಖಟಕ್ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟುತ್ತಿದ್ದಳು. ಹೊರಟ ದಿನ ನಾವೆಲ್ಲ ರಾಮಸಮುದ್ರದ ತನಕ ಕಳಿಸಲು ಹೋದೆವು. ಸುರಪುರದ ಕಡೆಯ ತಂಡ ಅಲ್ಲಿ ಕೂಡಿಕೊಂಡಿತು. ಯಾರದೋ ಹೆಗಲ ಮೇಲೆ ಬಣ್ಣದ ಬಟ್ಟೆ ಸುತ್ತಿದ ಮಲ್ಲಯ್ಯನ ಕಂಬಿ, ಗೆಜ್ಜೆ ಸದ್ದು, ಧೂಳು. ಅತ್ತಿಯ ನಡಿಗೆಯನ್ನು ನಾನು ಅಲ್ಲಿಯ ತನಕ ನೋಡಿಯೇ ಇರಲಿಲ್ಲ. ಮನೆಯಲ್ಲಿ ಆಕೆ ಅಡಿಗೆಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಬಾವಿಗೆ ಓಡಾಡುತ್ತಿದ್ದಳು; ಅದು ನಡಿಗೆಯಲ್ಲ. ಇಲ್ಲಿ ಕೈಗಳನ್ನು ಬೀಸುತ್ತ, ಎದುರಿನಿಂದ ಯಾರೋ ಕರೆದ ಹಾಗೆ ಹೋದಳು. ತಿರುಗಿ ನೋಡಬಾರದು ಎಂಬುದು ರೂಢಿ. ಆಕೆಗೆ ಆ ರೂಢಿ ಪಾಲಿಸಲು ಕಷ್ಟವೇನೂ ಆದಂತೆ ಕಾಣಲಿಲ್ಲ.

ಕಾಕಾ ಕುಂತ. ಅಂಥವನು ಒಪ್ಪೊತ್ತು ಉಂಡು ಚಾಪೆಯ ಮೇಲೆ ಮಲಗುವುದನ್ನು ನೋಡಲು ಗೆಳೆಯರು ಬರುತ್ತಿದ್ದರು, ಹೊಸ ಸೊಸೀ ಹೆಂಗಿದ್ದೀಯವ್ವಾ ಎಂದು ಚಾಷ್ಟಿ ಮಾಡುತ್ತಿದ್ದರು. ಹಗಲೆಲ್ಲ ಅಂಗಳದಲ್ಲಿ ಶತಪಥ ಹಾಕುತ್ತಿದ್ದ. ಆತ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ. ಯುಗಾದಿ ಆಯಿತು, ಬೇವು ಬೆಲ್ಲ ತಿಂದೆವು, ತಂಡ ಬಸ್ಸಿನಲ್ಲಿ ತಿರುಗಿ ಬಂತು. ಅತ್ತಿ ಇಳಿಯಲಿಲ್ಲ. ಗುಡ್ಡದ ಕೆಳಗೆ ಕೃಷ್ಣೆಯ ಮೆಟ್ಟಿಲ ಮೇಲೆ ಕೂತು, ಇದರಲ್ಲಿ ನಮ್ಮ ಭೀಮೆಯ ನೀರೂ ಇದೆಯಲ್ಲ, ಇದು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳಂತೆ. ಸಮುದ್ರಕ್ಕೆ ಎಂದರಂತೆ. ಆ ಕಡೆಯ ಹೆಂಗಸರ ಗುಂಪೊಂದು ಹೊರಟಿತ್ತು, ನೋಡಿ ಬರ್ತೀನಂತ ಮನ್ಯಾಗ ಹೇಳ್ರಿ ಎಂದು ಅವರ ಜೊತೆ ಹೋದಳಂತೆ. ಓಣಿಯ ಮಂದಿ ಏನೇನು ಅಂದರೋ ಅದನ್ನು ಇಲ್ಲಿ ಬರೆಯುವುದಿಲ್ಲ. ಬಾಯಿಗೆ ಬಂದದ್ದು ಅಂದರು. ಅಪ್ಪ ಹುಡುಕಲು ಹೋಗುತ್ತೇನೆಂದ. ಮುತ್ಯಾ ಬೇಡವೆಂದ. ಆಕಿ ಬಂದರ ತಾನೇ ಬರಬೇಕು, ಎಂದ. ಹಾಗೆಂದವನು ದಿನಾ ಮುಂಜಾನೆ ಎದ್ದು ಮೊದಲು ಜಗಲಿಯ ಹತ್ತಿರ ಹೋಗಿ ದೀಪ ಉರಿಯುತ್ತಿದೆಯೋ ಇಲ್ಲವೋ ನೋಡುತ್ತಿದ್ದ. ಉರಿಯುತ್ತಿತ್ತು. ಆಕೆ ಬರುವ ತನಕ ಕಾಕಾನಿಗೂ ಬಿಡುಗಡೆ ಇರಲಿಲ್ಲ. ಶಹಾಪುರದ ಬಜಾರು ಹೋಯಿತು, ಗೆಳೆಯನ ಮದುವೆ ಹೋಯಿತು. ಸೀಮೆಯ ಕಲ್ಲಿನ ತನಕ ಹೋಗಿ ನಿಂತು ತಿರುಗಿ ಬರುತ್ತಿದ್ದ. ದೀಪಕ್ಕೆ ಕುಂತಿದ್ದನಲ್ಲ.

ಮುಂಗಾರು ಬಿದ್ದು ಹೊಲದಲ್ಲಿ ಹೆಸರು ಮೊಳೆತಾಗ ಬಂದಳು. ಮಧ್ಯಾಹ್ನದ ಹೊತ್ತು. ಗಂಟು ಕಂಕುಳಲ್ಲಿ, ಮುಖ ಕರ್ರಗೆ, ಮೈ ಅರ್ಧ ಆಗಿತ್ತು. ಹೊಸ್ತಿಲ ಹೊರಗೇ ನಿಂತಳು, ಒಳಗೆ ಕರೆಯುತ್ತಾರೋ ಇಲ್ಲವೋ ಎಂದು. ಆಗ ಕಾಕಾ ಹಲಗೆ ತಂದು ಹಾಕಿದ, ನೀರು ತಂದ, ಅಕ್ಕನ ಕಾಲು ಮಡಿಲಲ್ಲಿ ಇಟ್ಟುಕೊಂಡ. ಅಂಥ ಕಾಲುಗಳನ್ನು ನಮ್ಮ ಅಂಗಳ ಕಂಡಿರಲಿಲ್ಲ. ತೊಳೆಯುತ್ತ ತೊಳೆಯುತ್ತ ಕಾಕಾ ಹೇಳಿದ, “ನಡಿಯೋದು ಏನೂ ಅಲ್ಲ ಅಕ್ಕಾ. ಕಾಲಿಗಿ ಖರೇ ಕೆಲಸಂದ್ರ ಕೂಡೋದು. ನೀ ಹೆಂಗ ಕುಂತಿದ್ದಿ ಇಷ್ಟು ವರ್ಸ?” ಮುತ್ಯಾ ಗೋಡೆಯ ಕಡೆ ಮುಖ ಮಾಡಿಕೊಂಡು, ಸಮುದ್ರ ಸಿಕ್ಕಿತೇನು ಎಂದು ಕೇಳಿದ. ಸಿಕ್ಕಿತು, ಬರೀ ಉಪ್ಪು, ನಮ್ಮ ನೀರು ಅದರೊಳಗೆ ಎಲ್ಲಿದೆಯೋ ಗೊತ್ತಾಗಲಿಲ್ಲ ಎಂದಳು. ಮುತ್ಯಾ ಎದ್ದು ಹೊರಗೆ ಹೋದ. ಹೋಗುವಾಗ ಮಗಳ ತಲೆ ಮೇಲೆ ಕೈ ಇಟ್ಟು ಹೋದ.

ನನಗೆ ಅಷ್ಟರಿಂದ ಸಮಾಧಾನ ಆಗಲಿಲ್ಲ. ಆ ಮಳೆಗಾಲದಲ್ಲಿ ಒಂದು ಸಂಜೆ ಹೊಲದಿಂದ ಬರುವಾಗ ಕೇಳಿದೆ, ಅತ್ತಿ, ಅಲ್ಲಿ ಏನಿತ್ತು ಅಂತ ಅಷ್ಟು ದಿನ ಇದ್ದೆ? ಕಳೆ ಕೀಳುವ ಕುರ್ಚಿಗೆಯ ಮಣ್ಣು ಕೆರೆಯುತ್ತ ನಡೆದಳು. “ಏನೂ ಇರಲಿಲ್ಲೋ. ಒಂದ್ ಊರಾಗ ನೀರು ಕೇಳೀದೆ. ಕೊಟ್ಟಾಕಿ, ನಿನ್ನ ಹೆಸರೇನವ್ವಾ ಅಂದಳು. ನನ್ನ ಹೆಸರು ಯಾರರ ಕೇಳಿ ಎಷ್ಟು ವರ್ಸ ಆಗಿತ್ತು! ಇಲ್ಲಿ ಎಲ್ಲಾರಿಗಿ ಗೊತ್ತಿರ್ತದ, ಯಾರು ಕೇಳ್ತಾರ?” ಅಷ್ಟು ಹೇಳಿ, ಎತ್ತು ಬೆಳೆಗೆ ಬಾಯಿ ಹಾಕಿದವು ಎಂದು ಓಡಿದಳು. ದೇಶ ಸುತ್ತಿದ್ದಕ್ಕೆ ನಾನು ಆಮೇಲೆ ಬಹಳ ಕಾರಣಗಳನ್ನು ಕೇಳಿದ್ದೇನೆ. ರೈಲಿನಲ್ಲಿ, ಶೆಡ್ಡುಗಳಲ್ಲಿ, ಚಹಾದಂಗಡಿಗಳಲ್ಲಿ ಜನ ಹೇಳುತ್ತಲೇ ಇರುತ್ತಾರೆ. ಇದಕ್ಕಿಂತ ಖರೆ ಅನಿಸಿದ್ದು ಇನ್ನೂ ಸಿಕ್ಕಿಲ್ಲ.

ಒಮ್ಮೆ ಹೋಗಿ ಬಂದವಳು ಮತ್ತೆ ಹೋಗುತ್ತಾಳೆ ಎಂದು ಎಲ್ಲರೂ ಕಾದರು. ಅತ್ತಿ ಮಾಡಿದ್ದು ಬೇರೆ. ಮರುವರ್ಷ ಅವ್ವನ ಮುಂದೆ ನಿಂತು, ನೀ ಹೋಗು, ನಾ ಕುಂದುರ್ತೀನಿ ಎಂದಳು. ಎಂದೂ ಏನೂ ಕೇಳದ ಅವ್ವ, ನನಗ್ಯಾಕ ನೀಲಕ್ಕಾ, ರೊಟ್ಟಿ ಬಡಿಯುವವರು ಯಾರು ಎಂದೆಲ್ಲ ಅಂದು, ಕೊನೆಗೆ ಹೋಗಿ ಬಂದಳು. ಆ ಮೇಲೆ ಬೇಸಿಗೆ ಬಂದರೆ ಅವ್ವನೂ ರಸ್ತೆಯ ಕಡೆ ನೋಡುವುದನ್ನು ನಾನು ಕಂಡಿದ್ದೇನೆ. ಅತ್ತಿ ಈಗ ಕೂಡುತ್ತಿದ್ದ ರೀತಿಯೇ ಬೇರೆಯಿತ್ತು. ಮೊದಲು ಕೂರಿಸಿದ್ದರು, ಈಗ ಕುಂತಿದ್ದಳು. ನಾನು ಶಾಲೆ ಬಿಟ್ಟು ಗೌಂಡಿಗಳ ಜೊತೆ ಪುಣೆಗೆ ಹೋಗುತ್ತೇನೆಂದಾಗ ಅಪ್ಪ ಬಾರುಕೋಲು ತೆಗೆದುಕೊಂಡಿದ್ದ, ಮುತ್ಯಾ ಉಣ್ಣಲಿಲ್ಲ. ಅತ್ತಿ ಜಗಲಿಯ ಹತ್ತಿರ ಹೋಗಿ ದೀಪ ಹಚ್ಚಿ, ಅಲ್ಲೇ ಕೂತುಬಿಟ್ಟಳು. ದೀಪ ಹಚ್ಚಿದ ಮೇಲೆ ಹೋಗಬೇಡ ಎನ್ನುವ ಗಂಡಸು ನಮ್ಮ ಮನೆಯಲ್ಲಿರಲಿಲ್ಲ. “ಹೋಗು,” ಎಂದಳು. “ನಾ ಕುಂತೀನಿ.”

ಆಕೆ ಅಲ್ಲಿ ಕೂತಿದ್ದಾಳೆ ಎಂಬುದರ ಮೇಲೆ ನಾನು ಇಷ್ಟು ವರ್ಷ ತಿರುಗಿದೆ. ಬಿದ್ದು ಎದ್ದು ಕೆಲಸ ಕಲಿತೆ, ಕೂಲಿಯಿಂದ ಗೌಂಡಿಯಾದೆ, ಒಂದು ಕೆಲಸ ಮುಗಿಯುವ ಮುಂಚೆಯೇ ಮುಂದಿನ ಊರಿನ ವಿಚಾರ ತಲೆಯಲ್ಲಿರುತ್ತಿತ್ತು. ಊರಿಗೆ ಹೋದಾಗಲೂ ನಿಲ್ಲುತ್ತಿರಲಿಲ್ಲ, ಚೀಲ ಪೂರಾ ಬಿಚ್ಚುತ್ತಿರಲಿಲ್ಲ. ಮನೆಗೆ ಫೋನು ಬಂದ ಮೇಲೆ ಅತ್ತಿ ಊರು ಮುಟ್ಟಿದೆಯೇನು ಎಂದು ಕೇಳಿ, ಹೂಂ ಎಂದ ಕೂಡಲೇ, ಅಲ್ಲಿ ಮಣ್ಣು ಎಂಥ ಬಣ್ಣದ್ದು ಎಂದು ಕೇಳುತ್ತಿದ್ದಳು. ಗೋವಾದಲ್ಲಿ ಕೆಂಪು ಎಂದೆ. ಎಂಥ ಕೆಂಪು? ಇಟ್ಟಂಗಿಯದೋ, ಕುಂಕುಮದ್ದೋ? ನಾನು ಹೊರಗೆ ಹೋಗಿ ಮಣ್ಣು ಹಿಡಿದು ನೋಡಿ ಹೇಳಬೇಕು. ನೆಲ ಹಾಸುವವನು ನಾನು. ಹಾಸುವ ಮುಂಚೆ ಕೆಳಗಿನ ಮಣ್ಣನ್ನು ಒಂದು ಸಲ ಕಣ್ಣುಬಿಟ್ಟು ನೋಡುವ ರೂಢಿ ಬಂದದ್ದು ಆಕೆಯಿಂದ. ಈ ನಡುವೆ ಮುತ್ಯಾ ಹೋದ, ಅಪ್ಪ ಹೋದ, ಕಾಕಾ ಮಗಳ ಮನೆಗೆಂದು ಶಹಾಪುರ ಸೇರಿದ. ಮಾಳಿಗೆ ಸೋರಿ ಒಂದು ಪಾಲು ಕುಸಿಯಿತು. ಉಳಿದದ್ದರಲ್ಲಿ ಅವ್ವ ಮತ್ತು ಅತ್ತಿ, ಜಗಳವಾಡಿಕೊಂಡು, ಒಬ್ಬರಿಗೊಬ್ಬರು ಎಲೆ ಅಡಿಕೆ ಕುಟ್ಟಿಕೊಡುತ್ತ ಇದ್ದರು.

ಅತ್ತಿ ತೀರಿದ ಸುದ್ದಿ ಬಂದಾಗ ನಾನು ಕೊಲ್ಹಾಪುರದ ಹತ್ತಿರ ಕೆಲಸದಲ್ಲಿದ್ದೆ. ಊಟ ಮಾಡಿ ಗೋಡೆಗೆ ಒರಗಿ ಕೂತಿದ್ದಳಂತೆ. ಅವ ಈಗ ಯಾವ ಊರಾಗ ಅದಾನ ಎಂದು ಅವ್ವನನ್ನು ಕೇಳಿದಳಂತೆ. ಅವ್ವ ಒಳಗಿನಿಂದ ಹೆಸರು ಹೇಳಿ, ಹೊರಗೆ ಬರುವಷ್ಟರಲ್ಲಿ ಮುಗಿದಿತ್ತು. ನಾನು ಊರು ಮುಟ್ಟುವ ತನಕ ಮಣ್ಣು ಕೊಡದೆ ಕಾದಿದ್ದರು. ಕರೀ ಮಣ್ಣು; ಒದ್ದೆಯಾದರೆ ಕಾಲಿಗೆ ಹತ್ತಿ ಬಿಡದ ನಮ್ಮ ಎರೆ ಮಣ್ಣು. ಹಾಕಿದೆ. ಸೂತಕ ಕಳೆಯುವ ತನಕ ಮನೆಯಲ್ಲಿ ಕುಂತೆ. ಬುದ್ಧಿ ಬಂದ ಮೇಲೆ ಆ ಮನೆಯಲ್ಲಿ ಅಷ್ಟು ದಿನ ಒಂದೇ ಸಮ ನಾನು ಇದ್ದದ್ದು ಅದೇ ಮೊದಲು. ತೊಡೆಯೊಳಗೆ ಇರುವೆ ಹರಿದಂತಾಗುತ್ತಿತ್ತು, ಎದ್ದು ಅಂಗಳಕ್ಕೆ ಬರುತ್ತಿದ್ದೆ, ಮತ್ತೆ ಹೋಗಿ ಕೂರುತ್ತಿದ್ದೆ. ಕಾಕಾ ಒಂದು ಮೂಲೆಯಲ್ಲಿ ಕೂತು ನನ್ನನ್ನು ನೋಡುತ್ತಿದ್ದ. ನಗಲಿಲ್ಲ.

ಎಲ್ಲ ಮುಗಿದ ಮರುದಿನ ಮುಂಜಾನೆ ಚೀಲ ಹೆಗಲಿಗೆ ಹಾಕಿದೆ. ಯಾದಗಿರಿಗೆ ಬಸ್ಸು, ಅಲ್ಲಿಂದ ರೈಲು. ಅವ್ವ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಳು. ನಾನು ಹೊಸ್ತಿಲ ಹೊರಗೆ ನಿಂತೆ. ಪ್ರತಿ ಸಲ ನಾನು ಹೊರಡುವಾಗ ಒಳಗಿನಿಂದ, ದೀಪದ ಪಕ್ಕದಿಂದ, ಒಂದು ಮಾತು ಬರುತ್ತಿತ್ತು, ಅದು ಬಂದ ಮೇಲೆಯೇ ನಾನು ಹೆಜ್ಜೆ ಎತ್ತುತ್ತಿದ್ದೆ. ಅವ್ವನಿಗೂ ಅದು ಗೊತ್ತಿತ್ತು. ಆಕೆಯ ತುಟಿ ಒಮ್ಮೆ ಅಲುಗಿತು. ಆದರೆ ಆ ಮಾತು ಅತ್ತಿಯದು, ಇನ್ನೊಬ್ಬರ ಸಾಮಾನಿಗೆ ಕೈ ಹಾಕಿ ಅವ್ವನಿಗೆ ರೂಢಿಯಿಲ್ಲ. ನನ್ನ ಅಂಗಿಯ ಹೆಗಲ ಮೇಲೆ ಇಲ್ಲದ ಧೂಳನ್ನು ಕೊಡವಿ, ಬಸ್ಸು ಬಂತು ನೋಡು, ಎಂದಳು.

ಬಸ್ಸು ಬಂದಿರಲಿಲ್ಲ. ರಸ್ತೆ ಖಾಲಿಯಿತ್ತು. ಹೂಂ ಎಂದೆ, ನಡೆಯತೊಡಗಿದೆ.